ಕೊಂಡಿಯೊಳಗಿನ ಮೂರು ಗೀರು

ಮಾರ್ಚ್ 3

ಪ್ರೀತಿಯ ಅಮ್ಮನಿಗೆ,

ಹೋದ ವಾರ ಬರೆಯಲಾಗಲಿಲ್ಲ, ಬೈಯಬೇಡ. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಪಕ್ಕದ ಮನೆಯ ಟೀಚರಮ್ಮನ ಕೈಲಿ ಹೇಳಿ ಕಳಿಸುವಂಥ ವಿಷಯವೂ ಇದಲ್ಲ. ಅದಕ್ಕೇ ಈ ಕಾಗದ, ಜೊತೆಗೆ ನಾಲ್ಕು ಫೋಟೋ. ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಕೂತು ನೋಡು.

ಈ ಬಳೆ ನಿನಗೆ ಗೊತ್ತಿರಲೇಬೇಕು. ನೀನು ಮೂವತ್ತು ವರ್ಷ ಕೊಂಡಿ ಕೂರಿಸಿದ ಕಂಪನಿಯದೇ, ಎಲೆಬಳ್ಳಿ ಮಾದರಿ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಹೆಂಗಸೊಬ್ಬರು ನಮ್ಮ ಅಂಗಡಿಗೆ ಮಾರಲು ತಂದರು. ಮದುವೆಯಾದ ವರ್ಷ ಗಂಡ ಕೊಡಿಸಿದ್ದಂತೆ. ಈಗ ಗಂಡ ಬೇರೆ ಮನೆ ಮಾಡಿದ್ದಾನೆ. "ಅವ್ರೇ ಇಲ್ಲ ಅಂದ್ಮೇಲೆ ಇದನ್ನ ಇಟ್ಕೊಂಡು ಏನ್ ಮಾಡ್ಲಿ" ಎಂದು ನಕ್ಕರು. ನಗು ಬಾಯಲ್ಲಿ ಮಾತ್ರ ಇತ್ತು.

ನನ್ನ ಕೆಲಸ ನಿನಗೆ ಗೊತ್ತಲ್ಲ. ಇಂಥ ದೊಡ್ಡ ಕಂಪನಿಯ ಹಳೇ ಒಡವೆ ಬಂದಾಗ ಅದು ಅಸಲಿಯೇ ಎಂದು ಪರೀಕ್ಷೆ ಮಾಡಿ ಸಹಿ ಹಾಕಬೇಕು. ಆಮೇಲೆಯೇ ಅಂಗಡಿಯವರು ಅದನ್ನು ಮತ್ತೊಬ್ಬರಿಗೆ ಮಾರುವುದು. ಈ ಬಳೆಯ ತೂಕ ಸರಿಯಿದೆ. ಚಿನ್ನ ಸರಿಯಿದೆ. ಮುದ್ರೆಯ ಅಕ್ಷರಗಳ ಅಂಚು ಚೂಪಾಗಿದೆ. ಯಾರಿಗೂ ಕಾಣದ ಎಲೆಗಳ ಬೆನ್ನಿಗೂ ಹೊಳಪು ಕೊಟ್ಟಿದ್ದಾರೆ, ನಕಲಿ ಮಾಡುವವರು ಅಷ್ಟು ತಾಳ್ಮೆ ಮಾಡುವುದಿಲ್ಲ. ಆದರೆ ಒಳಗೆ ಕೊರೆದಿರುವ ಸಂಖ್ಯೆ ಕಂಪನಿಯ ದಾಖಲೆಯಲ್ಲಿ ಬೇರೊಂದು ಬಳೆಗೆ ಇದೆ. ಆ ಬಳೆ ಇವತ್ತಿಗೂ ಅದರ ಒಡತಿಯ ಹತ್ತಿರವೇ ಇದೆ. ಒಂದು ಸಂಖ್ಯೆಗೆ ಎರಡು ಬಳೆ ಇರುವಂತಿಲ್ಲ.

ನಮ್ಮ ಯಜಮಾನಿ ಹೋದ ವರ್ಷ ಒಂದು ನಕಲಿ ಸರ ಮಾರಿ ಪೇಪರಿನಲ್ಲೆಲ್ಲ ಹೆಸರು ಕೆಡಿಸಿಕೊಂಡವರು. ಆಗ ಅದಕ್ಕೆ ಸಹಿ ಹಾಕಿದ್ದವನು ಈಗ ಕೆಲಸದಲ್ಲಿಲ್ಲ. "ಈ ಸಲ ಸುಮ್ನೆ ಬಿಡಲ್ಲ. ಯಾರ್ ತಂದ್ರೋ ಅವ್ರನ್ನ ಪೊಲೀಸಿಗೆ ಕೊಡೋಣ" ಎನ್ನುತ್ತಿದ್ದಾರೆ. ಬಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಮೂವತ್ತೊಂದನೇ ತಾರೀಕು, ಸೋಮವಾರ, ನಾನು ವರದಿ ಕೊಡಬೇಕು. ನಕಲಿ ಎಂದು ಬರೆದರೆ ಆ ಹೆಂಗಸಿನ ಮೇಲೆ ದೂರು ಹೋಗುತ್ತದೆ, ದೂರು ಹೋದರೆ ಲ್ಯಾಬಿನ ಕೆಲಸವೂ ಹೋಗುತ್ತದೆ.

ಅವರು ಕಳ್ಳಿಯಲ್ಲ ಅಮ್ಮ. ಆದರೆ ಅನ್ನಿಸಿದ್ದನ್ನೆಲ್ಲ ವರದಿಯಲ್ಲಿ ಬರೆಯಲಾಗುವುದಿಲ್ಲ. ಕೊಂಡಿಯ ಫೋಟೋ ನೋಡಿ, ಇದು ನಿಮ್ಮ ಕಾರ್ಖಾನೆಯದು ಹೌದೋ ಅಲ್ಲವೋ ಅಷ್ಟು ಹೇಳು ಸಾಕು.

ಇಂತಿ ನಿನ್ನ,
ಪುಟ್ಟಿ


ಮಾರ್ಚ್ 8

ಪುಟ್ಟಿಗೆ ಆಶೀರ್ವಾದ,

ಕಾಗದ ಬಂತು. ನನ್ನ ಮಂಡಿ ನೋವು ಹಾಗೇ ಇದೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಟೀಚರಮ್ಮನ ಮಗ ಹೊಸ ಗಾಡಿ ತಗೊಂಡಿದ್ದಾನೆ. ಅದರ ಶಬ್ದಕ್ಕೆ ಬೀದಿಯವರೆಲ್ಲ ಮೂಗು ಮುರಿಯುತ್ತಾರೆ, ನನಗೊಬ್ಬಳಿಗೆ ಏನೂ ತೊಂದರೆ ಇಲ್ಲ. ಕಿವಿ ಹೋಗಿದ್ದಕ್ಕೆ ಅಷ್ಟಾದರೂ ಲಾಭ.

ನೀರಿನ ನಲ್ಲಿ ಸೋರುತ್ತಿತ್ತು, ನಾನೇ ಬಿಚ್ಚಿ ವಾಷರ್ ಹಾಕಿದೆ. ನೀನು ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ. ಮೊನ್ನೆಯ ಫೋಟೋದಲ್ಲಿ ಕತ್ತಿನ ಮೂಳೆ ಕಾಣುತ್ತಿತ್ತು.

ಬಳೆಯ ಫೋಟೋದಲ್ಲಿ ನನಗೇನೂ ಸರಿಯಾಗಿ ಕಾಣಲಿಲ್ಲ. ಹಳೇ ಮಾತು, ಯಾರಿಗೆ ನೆನಪಿರುತ್ತದೆ. ಆ ಹೆಂಗಸಿಗೆ ಬಳೆ ವಾಪಸ್ ಕೊಟ್ಟು ಕಳಿಸಿಬಿಡಿ. ಬೇಡ ಅಂದರೆ ಬೇಡ, ಅದಕ್ಕೆ ಪೊಲೀಸರೇಕೆ. ನಿಮ್ಮ ಯಜಮಾನಿಗೆ ನೀನೇ ನಿಧಾನವಾಗಿ ತಿಳಿಸಿ ಹೇಳು. ನೀನು ಇದರಲ್ಲಿ ಕೈ ಹಾಕಬೇಡ.

ಅಮ್ಮ


ಮಾರ್ಚ್ 13

ಅಮ್ಮ,

ವಾಪಸ್ ಕೊಡಲು ಬೀರುವಿನ ಬೀಗದ ಕೈ ನನ್ನ ಹತ್ತಿರ ಇಲ್ಲ. ಯಜಮಾನಿಗೆ ಹೇಳಿ ನೋಡಿದೆ. "ನಿನ್ಗೆ ಅಷ್ಟ್ಯಾಕೆ ಕನಿಕರ?" ಎಂದರು.

ಆದರೆ ಒಂದು ಒಳ್ಳೆಯ ಸುದ್ದಿ ಇದೆ. ನಿನ್ನೆ ಯಜಮಾನಿ ಪರೀಕ್ಷೆಗೆಂದು ಬಳೆ ತೆಗೆದುಕೊಟ್ಟಾಗ ಕೊಂಡಿ ಬಿಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟೆ. ಒಳಗೆ ಹೋಗಿ ಕಚ್ಚಿಕೊಳ್ಳುವ ನಾಲಿಗೆ ಇರುತ್ತದಲ್ಲ, ಅದರ ಅಡಿಗೆ ಅರದಿಂದ ಎಳೆದ ಮೂರು ಸಣ್ಣ ಗೀರು. ಬರಿಗಣ್ಣಿಗೆ ಕಾಣುವುದೇ ಇಲ್ಲ. ಕಂಪನಿಯ ಪುಸ್ತಕದಲ್ಲಿ ಇದರ ಸುದ್ದಿಯೇ ಇಲ್ಲ.  ಇನ್ನೇನು, ನಕಲಿ ಎಂದು ಬರೆದ ಹಾಗೇ ಎಂದುಕೊಂಡೆ.

ಆಮೇಲೆ ಏನೋ ಹೊಳೆಯಿತು. ನಮ್ಮಲ್ಲೇ ಇನ್ನೊಂದು ಎಲೆಬಳ್ಳಿ ಬಳೆ ಇದೆ, ಕಂಪನಿಯ ಬಿಲ್ಲು ಪೆಟ್ಟಿಗೆ ಎಲ್ಲದರ ಸಮೇತ, ಅದರ ಬಗ್ಗೆ ಎರಡು ಮಾತಿಲ್ಲ. ಅದರ ಕೊಂಡಿಯನ್ನೂ ಬಿಚ್ಚಿದೆ. ಅಲ್ಲೂ ಮೂರು ಗೀರು. ಅದೇ ಓರೆ, ಅದೇ ಆಳ. ಮೂರನೆಯದು ಎರಡರಲ್ಲೂ ಗಿಡ್ಡ. ಖುಷಿಗೆ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಅಂದರೆ ಎರಡನ್ನೂ ಮಾಡಿದ್ದು ನಿಮ್ಮ ಕಾರ್ಖಾನೆಯ ಒಂದೇ ಕೈ. ಬಳೆ ಅಸಲಿ. ಸಂಖ್ಯೆ ಬರೆದುಕೊಂಡ ಗುಮಾಸ್ತ ತಪ್ಪಿದ್ದಾನೆ, ಅಷ್ಟೇ. ಇದು ಯಾರ ಗುರುತು ಎಂದು ನಿನಗೆ ಗೊತ್ತಿರುತ್ತದೆ, ಒಂದೇ ಸಾಲಿನಲ್ಲಿ ಕೂರುತ್ತಿದ್ದವರಲ್ಲವೇ ನೀವೆಲ್ಲ. "ನಮ್ಮ ಕಾರ್ಖಾನೆಯಲ್ಲಿ ಇಂಥವರು ಹೀಗೆ ಗುರುತು ಹಾಕುತ್ತಿದ್ದರು" ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿ ಕಳಿಸು. ಯಜಮಾನಿಯ ಮುಂದೆ ಇಡುತ್ತೇನೆ.

ತಡೆಯಲಾರದೆ ಲ್ಯಾಬಿನ ಹೆಂಗಸಿಗೂ ಫೋನ್ ಮಾಡಿ ಹೆದರಬೇಡಿ ಎಂದುಬಿಟ್ಟೆ. ನಿಜವಾ ಎಂದು ಎರಡು ಸಲ ಕೇಳಿದರು. ಆಮೇಲೆ "ಇವತ್ತು ನಿದ್ದೆ ಬರತ್ತೆ ಅನ್ಸತ್ತೆ" ಎಂದರು.

ಪುಟ್ಟಿ


ಮಾರ್ಚ್ 17

ಪುಟ್ಟಿ,

ಬರೆದುಕೊಡಲು ನನ್ನಿಂದ ಆಗುವುದಿಲ್ಲ.

ನೀನೂ ಅಸಲಿ ಎಂದು ಸಹಿ ಹಾಕಬೇಡ. ಯಾಕೆ ಏನು ಎಂದು ಕೇಳಬೇಡ. ಚಿಕ್ಕಂದಿನಿಂದ ಒಂದು ಮಾತೂ ಕೇಳಿದವಳಲ್ಲ ನೀನು, ಇದೊಂದು ಸಲ ಕೇಳು.

ಆ ಹೆಂಗಸಿಗೆ ಅಷ್ಟು ಬೇಗ ಫೋನ್ ಮಾಡಬಾರದಿತ್ತು.

ಅಮ್ಮ


ಮಾರ್ಚ್ 20

ಅಮ್ಮ,

ನಿನ್ನ ಕಾಗದ ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟು ಬಂತು.

ಮೂವತ್ತು ವರ್ಷ ದುಡಿಸಿಕೊಂಡು, ಕಿವಿ ಹಾಳು ಮಾಡಿ, ಯಂತ್ರ ಬಂತೆಂದು ಒಂದೇ ಬೆಳಗ್ಗೆ ನಲವತ್ತು ಜನರನ್ನು ಗೇಟಿನಾಚೆ ನಿಲ್ಲಿಸಿದ ಕಂಪನಿ ಅದು. ಅವರಿಗೆ ಇನ್ನೂ ಹೆದರುತ್ತೀಯಾ? ಇಲ್ಲ, ಆ ಗೀರು ಹಾಕಿದವರು ಯಾರೋ ನಿನಗೆ ಬೇಕಾದವರು, ಅವರನ್ನು ಕಾಪಾಡುತ್ತಿದ್ದೀಯಾ? ಹಾಗಿದ್ದರೆ ಹಾಗೆಂದು ಹೇಳು. ನೀನು ಬಾಯಿಗೆ ಬೀಗ ಹಾಕಿಕೊಂಡರೆ ಇಲ್ಲಿ ಒಬ್ಬರ ಬದುಕು ಬೀದಿಗೆ ಬೀಳುತ್ತದೆ.

ನೀನು ಯಾವಾಗಲೂ ಹೀಗೇ. ನನ್ನ ಕೋರ್ಸು ಮುಗಿದ ದಿನ ಎಲ್ಲರ ಮನೆಯವರೂ ಬಂದಿದ್ದರು, ನೀನು ತಲೆನೋವು ಎಂದೆ. ಈ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು, ಒಂದು ದಿನ ಅಂಗಡಿ ನೋಡಲು ಬಂದವಳಲ್ಲ. ಇದೇ ವಿದ್ಯೆ ನಿನ್ನ ಕೈಲೂ ಇದೆ, ನಾನು ನಿನ್ನ ದಾರಿಯಲ್ಲೇ ನಡೆದೆ, ನಿನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ನನ್ನ ಕೆಲಸದ ಮಾತೆತ್ತಿದರೆ ಸಾಕು, ನೀನು ನಲ್ಲಿಯ ವಾಷರ್ ಬಗ್ಗೆ ಬರೆಯುತ್ತೀಯ.

ಅಸಲಿ ಎಂದಾದರೆ ಬಳೆ ಕೊಳ್ಳಲು ಗಿರಾಕಿಯೂ ಇದ್ದಾರೆ. ತಗೊಂಡ ಕೂಡಲೇ ಕಂಪನಿಗೇ ಕಳಿಸಿ ಹೊಳಪು ಮಾಡಿಸುತ್ತಾರಂತೆ. ನನ್ನ ಸಹಿ ತಪ್ಪಾಗಿದ್ದರೆ ಕಂಪನಿಯವರು ಅಲ್ಲೇ ಹಿಡಿಯುತ್ತಾರೆ. ಆಮೇಲೆ ನನ್ನ ಪರವಾನಗಿಯೂ ಇಲ್ಲ, ಕೆಲಸವೂ ಇಲ್ಲ. ಗೊತ್ತಿದ್ದೂ ಹೇಳುತ್ತೇನೆ, ಮೂವತ್ತೊಂದಕ್ಕೆ ಅಸಲಿ ಎಂದೇ ಸಹಿ ಹಾಕುತ್ತೇನೆ. ನನ್ನ ಕಣ್ಣಿಗೆ ಕಂಡದ್ದು ಅದು. ಬೇರೆ ಏನಾದರೂ ಇದ್ದರೆ ಅದನ್ನು ಹೇಳಬೇಕಾದವಳು ನೀನು.

ಮಗಳು


ಮಾರ್ಚ್ 24

ಪುಟ್ಟಿಗೆ,

ಈ ಕಾಗದ ಓದಿದ ಮೇಲೆ ನೀನು ನನ್ನನ್ನು ಅಮ್ಮ ಎಂದು ಕರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಬರೆಯಲು ಕೂತು ಎರಡು ದಿನವಾಯಿತು.

ಆ ಮೂರು ಗೀರು ನನ್ನವು.

ಕೊಂಡಿ ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುರುತಿತ್ತು. ಕಂಪನಿ ಹೇಳಿದ್ದಲ್ಲ, ನಾವೇ ಮಾಡಿಕೊಂಡಿದ್ದು. ಕೊಂಡಿ ಸಡಿಲವಾಗಿ ರಿಪೇರಿಗೆ ಬಂದರೆ ಯಾರದ್ದೋ ತಪ್ಪಿಗೆ ಇನ್ಯಾರೋ ಬೈಸಿಕೊಳ್ಳಬಾರದು, ಮಾಡಿದವರೇ ಎದ್ದು ನಿಲ್ಲಬೇಕು ಎಂದು. ಒಬ್ಬಳದು ಚುಕ್ಕಿ, ಇನ್ನೊಬ್ಬಳದು ಅಡ್ಡಗೆರೆ. ನನ್ನದು ಮೂರು ಗೀರು. ಮೂರನೆಯದಕ್ಕೆ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ, ಅದಕ್ಕೇ ಅದು ಗಿಡ್ಡ. ನೀನು ಅದನ್ನು ಕಂಡುಹಿಡಿದೆ ಎಂದು ಓದಿದಾಗ ನನಗೆ ಭಯವಾಯಿತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಆದರೆ ನಿನ್ನ ಲ್ಯಾಬಿನ ಹೆಂಗಸಿನ ಬಳೆ ಕಾರ್ಖಾನೆಯಲ್ಲಿ ಆದದ್ದಲ್ಲ. ನಮ್ಮ ಅಡುಗೆಮನೆಯಲ್ಲಿ ಆದದ್ದು.

ನಮ್ಮನ್ನು ತೆಗೆದುಹಾಕಿದಾಗ ಹಳೇ ಅಚ್ಚುಗಳನ್ನೂ ಗುಜರಿಗೆ ಹಾಕಿದರು. ನಮ್ಮ ಮೇಸ್ತ್ರಿ ಅವನ್ನು ಗುಜರಿಯವನಿಂದ ತಂದ. ಚಿನ್ನ ಅವನೇ ತರುತ್ತಿದ್ದ, ಕಂಪನಿ ಬಳಸುತ್ತಿದ್ದ ಅದೇ ಮಟ್ಟದ್ದು. ಎಲೆ ಒತ್ತುವವರು ಒಬ್ಬರು, ಬೆಸುಗೆಗೆ ಒಬ್ಬರು, ಕೊಂಡಿಗೆ ನಾನು. ನೀನು ಕಾಲೇಜಿಗೆ ಹೋದ ಮೇಲೆ ಕೂರುತ್ತಿದ್ದೆ, ನೀನು ಬರುವಷ್ಟರಲ್ಲಿ ಹಲಗೆ ಒರೆಸಿ ಒಲೆ ಹಚ್ಚಿರುತ್ತಿದ್ದೆ. ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದರೆ ತರಕಾರಿ ಹೆಚ್ಚುವಾಗ ಕೊಯ್ದುಕೊಂಡೆ ಎನ್ನುತ್ತಿದ್ದೆ. ಹನ್ನೊಂದು ತಿಂಗಳಲ್ಲಿ ಹದಿನೇಳು ಬಳೆ. ಮೇಸ್ತ್ರಿ ಹಳೇ ಪಟ್ಟಿಯಿಂದ ಸಂಖ್ಯೆ ಎತ್ತಿ ಕೊರೆದು, ದೊಡ್ಡ ಅಂಗಡಿಯೊಂದಕ್ಕೆ ಅಸಲಿ ಎಂದು ಕೊಡುತ್ತಿದ್ದ. ಆ ಗಂಡ ಪಾಪ ಅಸಲಿ ಎಂದೇ ಕೊಂಡಿರುತ್ತಾನೆ. ಮೇಸ್ತ್ರಿ ತೀರಿಕೊಂಡು ಆರು ವರ್ಷವಾಯಿತು. ಉಳಿದವರು ಎಲ್ಲಿದ್ದಾರೋ ನನಗೆ ತಿಳಿಯದು.

"ಗುರುತು ಮಾತ್ರ ಹಾಕ್ಬೇಡಿ ಅಕ್ಕ, ಸಿಕ್ಕಿಬಿದ್ರೆ ಅದೇ ಸಾಕ್ಷಿ ಆಗತ್ತೆ" ಎಂದು ಅವನು ಮೊದಲ ದಿನವೇ ಹೇಳಿದ್ದ. ಮೊದಲ ಬಳೆಗೆ ಹಾಕಲಿಲ್ಲ. ಕೊಟ್ಟು ಬಂದ ದಿನ ಊಟ ಸೇರಲಿಲ್ಲ. ಕೊಂಡಿ ಬಿಟ್ಟು ಯಾರದೋ ಕೈಯಿಂದ ಜಾರಿ ಬಿದ್ದರೆ ಯಾರು ಹೊಣೆ ಎಂದು ಒಂದೇ ಯೋಚನೆ. ಎರಡನೆಯದರಿಂದ ಹಾಕಿದೆ. ಮಾಡುವುದು ಮೋಸದ ಕೆಲಸ, ಅದಕ್ಕೆ ಹೊಣೆಯ ಗುರುತು ಬೇರೆ. ನಿನಗೆ ನಗು ಬರಬಹುದು. ಗುರುತಿಲ್ಲದೆ ಕೆಲಸವನ್ನು ಕೈ ಬಿಟ್ಟುಕೊಡಲೇ ಇಲ್ಲ, ಇದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ನಿನ್ನ ಕೋರ್ಸಿನ ಫೀಸು ಕಟ್ಟಿದ್ದು ಆ ದುಡ್ಡಿನಿಂದ. ನಕಲಿ ಹಿಡಿಯುವುದನ್ನು ಕಲಿಯುತ್ತೇನೆ ಎಂದು ನೀನು ಕುಣಿದಾಡುತ್ತಿದ್ದೆ, ನಾನು ಎದ್ದು ಒಳಗೆ ಹೋಗುತ್ತಿದ್ದೆ. ನಿನ್ನ ಸಮಾರಂಭದ ದಿನ ನನಗೆ ತಲೆನೋವಿರಲಿಲ್ಲ.

ಅದೇ ಅಚ್ಚು, ಅದೇ ಚಿನ್ನ, ಅದೇ ಕೈ. ಅದು ಅಸಲಿಯೋ ನಕಲಿಯೋ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದೊಂದು ದಿನ ಒಂದೊಂದು ಉತ್ತರ. ನಿನ್ನ ವಿದ್ಯೆ ಏನು ಹೇಳುತ್ತದೋ ನೀನು ಅದನ್ನೇ ಬರೆ.

ಆ ಹೆಂಗಸು ನನ್ನ ಪಾಪಕ್ಕೆ ಜೈಲು ನೋಡಬಾರದು. ಅದಕ್ಕೆ ಏನು ಮಾಡಬೇಕೋ ನಾನು ಮಾಡುತ್ತೇನೆ. ನೀನು ನನ್ನ ಮಗಳು ಎಂದು ಅಲ್ಲಿ ಯಾರಿಗೂ ತಿಳಿಯಕೂಡದು. ಈ ಕಾಗದ ಹರಿದುಹಾಕು.

ಅಮ್ಮ


ಮಾರ್ಚ್ 26

ಹಳೇ ಒಡವೆ ಅಂಗಡಿಯ ಯಜಮಾನಿಯವರಿಗೆ ನಮಸ್ಕಾರ.

ನಾನು ಎಲೆಬಳ್ಳಿ ಬಳೆ ಮಾಡುವ ಕಂಪನಿಯಲ್ಲಿ ಮೂವತ್ತು ವರ್ಷ ಕೊಂಡಿ ಕೆಲಸ ಮಾಡಿದವಳು. ನಿಮ್ಮಲ್ಲಿಗೆ ಮಾರಲು ಬಂದಿರುವ ಬಳೆಯ ಕೊಂಡಿಯಲ್ಲಿ ಮೂರು ಗೀರು ಇದ್ದರೆ ಅದನ್ನು ಮಾಡಿದವಳು ನಾನೇ. ಕೆಲಸ ಹೋದ ಮೇಲೆ ಕಂಪನಿಗೆ ತಿಳಿಯದಂತೆ ಮನೆಯಲ್ಲಿ ಮಾಡಿದ್ದು. ಅದನ್ನು ಕೊಂಡವರಿಗೂ ಈಗ ಮಾರಲು ತಂದವರಿಗೂ ಇದು ತಿಳಿದಿರಲು ಸಾಧ್ಯವಿಲ್ಲ. ದೂರು ಕೊಡುವುದಿದ್ದರೆ ನನ್ನ ಮೇಲೆ ಕೊಡಿ.

ಮೂವತ್ತೊಂದನೇ ತಾರೀಕು ಹನ್ನೊಂದು ಗಂಟೆಗೆ ನಿಮ್ಮ ಅಂಗಡಿಗೆ ಬರುತ್ತೇನೆ. ನನಗೆ ಕಿವಿ ಕೇಳಿಸುವುದಿಲ್ಲ, ಪ್ರಶ್ನೆಗಳನ್ನು ಬರೆದು ತೋರಿಸಬೇಕು. ಬಳೆಯ ಸುದ್ದಿ ಹಳೇ ಕಸುಬಿನವರ ಬಾಯಿಂದ ತಿಳಿಯಿತು. ನಿಮ್ಮ ಅಂಗಡಿಯಲ್ಲಿ ನನಗೆ ಯಾರ ಪರಿಚಯವೂ ಇಲ್ಲ.

ಇಂತಿ,
ಕೊಂಡಿ ಕೆಲಸದ ಹೆಂಗಸು


ಏಪ್ರಿಲ್ 1

ಅಮ್ಮ,

ನಿನ್ನೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಅಷ್ಟು ಹೊತ್ತು ಇದ್ದೆವು. ಮಾತಾಡಬೇಕಾದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಯಜಮಾನಿ ಶನಿವಾರವೇ ನನಗೆ ತೋರಿಸಿದ್ದರು. ನಿನ್ನ ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. "ಯಾರೋ ಮುದುಕಿ. ಆ ಕಳ್ಳಿನೇ ಬಾಡಿಗೆಗೆ ಕರ್ಕೊಂಡು ಬರ್ತಿರ್ಬೇಕು. ಬರ್ಲಿ, ಇಲ್ಲೇ ಕೂರಿಸಿ ಒಂದು ಕೊಂಡಿ ಮಾಡಿಸೋಣ. ಬಣ್ಣ ಬಯಲಾಗತ್ತೆ" ಎಂದರು. "ಅವರು ನನ್ನ ಅಮ್ಮ" ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ನೀನೇ ಬೇಡ ಎಂದಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಲಾ, ನನಗೆ ನನ್ನ ಕೆಲಸದ ಭಯವಿತ್ತು.

ನೀನು ಬಂದೆ. ಇಸ್ತ್ರಿ ಮಾಡಿದ ಬಟ್ಟೆ, ಬೆನ್ನು ನೆಟ್ಟಗೆ. ನನ್ನ ಮೇಲೆ ಕಣ್ಣು ಹಾಯಿಸಿ ಗಡಿಯಾರ ನೋಡುವವಳ ಹಾಗೆ ಆಚೆ ತಿರುಗಿಸಿದೆ. ಯಜಮಾನಿ ಏನು ಕೇಳಿದರೂ ನಿನಗೆ ತಿಳಿಯಲಿಲ್ಲ, ಚೀಟಿಯಲ್ಲಿ ಬರೆಯುತ್ತಿದ್ದರು. ನಾನು ಅಭ್ಯಾಸಬಲದಿಂದ "ಕೂತ್ಕೊಳ್ಳಿ" ಎಂದೆ. ನೀನು ತಕ್ಷಣ ಕೂತುಬಿಟ್ಟೆ. ಯಜಮಾನಿ ನನ್ನ ಮುಖ ನೋಡಿದರು, ನಿನ್ನ ಮುಖ ನೋಡಿದರು. "ನಿನ್ ಮಾತು ಮಾತ್ರ ಹೇಗ್ ಕೇಳ್ತು ಇವ್ರಿಗೆ?" ಎಂದರು.  ಅವರು ನನ್ನ ಕಡೆ ಕೈ ತೋರಿಸಿದ್ದರಿಂದಲೇ ನಿನಗೆ ವಿಷಯ ತಿಳಿಯಿತು ಅನ್ನಿಸುತ್ತದೆ. "ಈ ಮೇಡಂ ಬಾಯಿ ಬಿಟ್ಟು ಮಾತಾಡ್ತಾರೆ, ತುಟಿ ನೋಡಿದ್ರೆ ಗೊತ್ತಾಗತ್ತೆ. ನೀವು ಹಲ್ಲು ಕಚ್ಚಿ ಮಾತಾಡ್ತೀರಿ" ಎಂದೆ ನೀನು. ಯಜಮಾನಿಗೆ ಹಾಗೆ ಮುಖಕ್ಕೆ ಹೇಳಿದವರು ಇಲ್ಲಿಯವರೆಗೆ ಯಾರೂ ಇಲ್ಲ. ಪಕ್ಕದಲ್ಲಿದ್ದ ನಮ್ಮ ಅಂಗಡಿಯ ರಿಪೇರಿಯವರು ಕೆಮ್ಮಿ ನಗು ನುಂಗಿಕೊಂಡರು.

ರಿಪೇರಿಯವರು ಕೊಟ್ಟ ಅರವನ್ನು ನೀನು ಬೆರಳಲ್ಲಿ ಸವರಿ, ಹಲ್ಲು ಸವೆದಿದೆ, ಬೇರೆ ಕೊಡಿ ಎಂದೆ. ಆಮೇಲೆ ನಲವತ್ತೈದು ನಿಮಿಷ. ತಗಡು ಎರಡು ಸಲ ಜಾರಿತು. ಒಂದು ಸಲ ಅರ ಹೆಬ್ಬೆರಳಿಗೆ ತಾಗಿ ರಕ್ತ ಬಂತು, ನೀನು ಒರೆಸಿಕೊಂಡು ಮುಂದುವರಿಸಿದೆ. ದೀಪವನ್ನು ಸ್ವಲ್ಪ ನಿನ್ನ ಕಡೆ ತಿರುಗಿಸಿದರೆ ಸಾಕಿತ್ತು. ನಾನು ಕೈ ಕಟ್ಟಿ ನಿಂತಿದ್ದೆ. ನಿನ್ನ ಕೈಗಳು ಕೆಲಸ ಮಾಡುವುದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ, ಅದೂ ಗುರುತಿಲ್ಲದವಳ ಹಾಗೆ ನಿಂತು.

ಹೊಸ ನಾಲಿಗೆಯನ್ನೂ ಬಳೆಯದನ್ನೂ ಪಕ್ಕಪಕ್ಕ ಇಟ್ಟು ನನಗೆ ನೋಡಲು ಹೇಳಿದರು. ನೋಡುವ ಮೊದಲೇ ಉತ್ತರ ಗೊತ್ತಿತ್ತು, ಆದರೂ ನೋಡಿದೆ. "ಒಂದೇ ಕೈದು" ಎಂದೆ. ಯಜಮಾನಿ ಬಹಳ ಹೊತ್ತು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದು, ಆಮೇಲೆ ತಾವೇ ಲ್ಯಾಬಿನ ಹೆಂಗಸಿಗೆ ಫೋನ್ ಮಾಡಿದರು. ಅವರ ಮೇಲೆ ದೂರು ಇಲ್ಲ. ಬಳೆ ಕಂಪನಿಗೆ ಹೋಗುತ್ತದೆ, ನಿನ್ನ ಹೇಳಿಕೆಯೂ ಹೋಗುತ್ತದೆ, ಅವರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ಇದನ್ನೆಲ್ಲ ಚೀಟಿಯಲ್ಲಿ ಓದಿ ನೀನು ತಲೆಯಾಡಿಸಿ, "ಬಸ್ಸಿಗೆ ಹೊತ್ತಾಗತ್ತೆ" ಎಂದು ಎದ್ದೆ. ಬಾಗಿಲಲ್ಲಿ ನನಗೂ ಕೈ ಮುಗಿದೆ.

ಆಮೇಲೆ ವರದಿ ಬರೆಯಲು ಕೂತೆ. ನಕಲಿ ಎಂದೇ ಬರೆದೆ ಅಮ್ಮ. ಕೈ ಅದೇ ಆದರೂ ಅದರ ಮೇಲೆ ಒತ್ತಿದ ಕಂಪನಿಯ ಹೆಸರು ನಿಮ್ಮದಲ್ಲ, ನನ್ನ ವಿದ್ಯೆ ಹೇಳುವುದು ಅಷ್ಟೇ. ಕೊನೆಯಲ್ಲಿ ಒಂದು ಕಾಲಂ ಇದೆ, "ಪರೀಕ್ಷಕರಿಗೂ ವಸ್ತುವನ್ನು ಮಾರುವವರು ಅಥವಾ ತಯಾರಿಸಿದವರಿಗೂ ಸಂಬಂಧವಿದೆಯೇ?" ಎಂದು. ಒಂಬತ್ತು ವರ್ಷದಿಂದ ಓದದೆಯೇ ಇಲ್ಲ ಎಂದು ಬರೆದವಳು ನಾನು. ನಿನ್ನೆಯೂ ಹಾಗೇ ಬರೆದಿದ್ದರೆ ನೀನು ಅಂದುಕೊಂಡಂತೆ ಎಲ್ಲ ಮುಗಿಯುತ್ತಿತ್ತು. ಪೆನ್ನು ಹಿಡಿದು ಕೂತೇ ಇದ್ದೆ. ಆಮೇಲೆ "ಇದೆ. ತಯಾರಿಸಿದವರು ನನ್ನ ತಾಯಿ" ಎಂದು ಬರೆದು ಸಹಿ ಹಾಕಿ, ಯಜಮಾನಿಯ ಮೇಜಿನ ಮೇಲಿಟ್ಟೆ.

ಮಗಳೇ ಬರೆದದ್ದರಿಂದ ಆ ವರದಿ ಇನ್ನು ನಡೆಯುವುದಿಲ್ಲ. ಇವತ್ತು ಬೇರೆ ಪರೀಕ್ಷಕರು ಬಂದು ನೋಡಿದರು, ಅವರ ಉತ್ತರವೂ ಅದೇ. ಆ ಹೆಂಗಸಿಗೆ ಏನೂ ತೊಂದರೆಯಿಲ್ಲ. ನನ್ನ ಪರವಾನಗಿಯ ವಿಚಾರಣೆ ಆಗಬೇಕು, ಅಲ್ಲಿಯವರೆಗೆ ಅಂಗಡಿಗೆ ಬರುವುದು ಬೇಡ ಎಂದಿದ್ದಾರೆ. ಕಂಪನಿಯಿಂದ ನಿನಗೆ ನೋಟಿಸು ಬಂದರೆ ಒಡೆದು ಓದಬೇಡ, ನಾನು ಬರುವವರೆಗೆ ಇಟ್ಟಿರು. ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ. ವಕೀಲರ ಹತ್ತಿರ ಹೋಗುವುದಿದ್ದರೂ ನಾವಿಬ್ಬರೂ ಹೋಗೋಣ.

ವರದಿ ಓದಿ ಯಜಮಾನಿ ಕೂಗಾಡುತ್ತಾರೆ ಎಂದು ಕಾದು ನಿಂತಿದ್ದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮಮ್ಮ ಮುಕ್ಕಾಲು ಗಂಟೆ ಇಲ್ಲಿ ಕೂತಿದ್ರು. ಕೈಯಿಂದ ರಕ್ತ ಬಂತು" ಎಂದರು. "ಒಂದ್ ಲೋಟ ನೀರು ಬೇಕಾ ಅಂತನೂ ಕೇಳ್ಲಿಲ್ವಲ್ಲ ನೀನು."

ನಿನ್ನ ಮಗಳು